ಶಿಫಾರಸು, ಅನುಮತಿ ಮತ್ತು ಲಕ್ಷ್ಮಕ್ಕನ ಅಂಗೈ

ಹನ್ನೊಂದು ವರ್ಷ ನಾನು ಒಂದೇ ಒಂದು ಮಾತ್ರೆಯ ಬೆನ್ನು ಹತ್ತಿದ್ದೆ. ಒಂದು ಸಲವೂ ಅದನ್ನು ನುಂಗಿದ್ದಿಲ್ಲ. ಕೀಲಿನ ಬಾವು, ಚರ್ಮದ ಉರಿಯೂತ ಇಂಥವಕ್ಕೆ ಕೊಡುವ ಗುಲಾಬಿ ಬಣ್ಣದ ಮಾತ್ರೆ. ಹೆಸರು ಬರೆಯುವುದಿಲ್ಲ. ಬರೆಯುವುದಿಲ್ಲವೆಂದು ಕೆಲಸ ಬಿಡುವಾಗ ಸಹಿ ಹಾಕಿಕೊಟ್ಟಿದ್ದೇನೆ. ಅಲ್ಲದೆ ಆ ಹೆಸರನ್ನು ನಮ್ಮತ್ತೆಯ ಬಾಯಲ್ಲಿ ಕೇಳಿ ಕೇಳಿ ಅದರ ಸರಿಯಾದ ಉಚ್ಚಾರಣೆ ನನಗೇ ಮರೆತುಹೋಗಿದೆ.

ಈ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಹುಡುಗಿಯರು ಕೆಲವರು ಫೋನು ಮಾಡಿ, "ಆಂಟಿ, ಕೆಲಸ ಹೇಗಿರುತ್ತೆ?" ಎಂದು ಕೇಳುತ್ತಾರೆ. ಹೇಗಿರುತ್ತದೆ ಎಂದರೆ, ಯಾವ ದೇಶದ ಔಷಧ ನಿಯಂತ್ರಣ ಕಚೇರಿ ಈ ಮಾತ್ರೆಯನ್ನು ಯಾವ ಕಾಯಿಲೆಗೆ ಒಪ್ಪಿತು, ಯಾವುದಕ್ಕೆ ಬೇಡವೆಂದಿತು, ಇನ್ನು ಯಾವ ಹೊಸ ಕಾಯಿಲೆಗೆ ಕೊಟ್ಟು ನೋಡುತ್ತಿದ್ದಾರೆ, ಇಷ್ಟನ್ನು ದಿನಾ ಹುಡುಕಿ ನಾಲ್ಕು ಸಾಲು ಬರೆದು ಬೆಂಗಳೂರಿನ ಒಂದು ಸಂಸ್ಥೆಗೆ ಕಳಿಸುವುದು. ಅವರು ಅದನ್ನು ಚಂದಾದಾರ ಡಾಕ್ಟರುಗಳಿಗೂ ಕಂಪನಿಗಳಿಗೂ ಹಂಚುತ್ತಿದ್ದರು. ಚಳ್ಳಕೆರೆಯ ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ನಮ್ಮತ್ತೆ ಹಸನು ಮಾಡುತ್ತಿದ್ದ ಶೇಂಗಾ ಬೀಜ. ಎಷ್ಟೋ ಸಲ ಜಪಾನಿನ ಕಚೇರಿಯ ಆದೇಶದ ಮೇಲೆ ಶೇಂಗಾ ಸಿಪ್ಪೆ ಹಾರಿ ಬಂದು ಕೂತಿದ್ದುಂಟು.

ಅತ್ತೆಗೆ ನನ್ನ ಉದ್ಯೋಗ ಕೊನೆಯವರೆಗೂ ಅರ್ಥವಾಗಲಿಲ್ಲ. ಬಂದವರಿಗೆಲ್ಲ ಒಂದೇ ವಿವರಣೆ ಕೊಡುತ್ತಿದ್ದರು. "ನಮ್ಮ ಸೊಸೆ ಒಂದ್ ಗುಳಿಗೆ ಕಾಯ್ತಾಳೆ ಕಣಮ್ಮ. ಅದು ಎಲ್ಲಿಗೆ ಹೋಯ್ತು, ಯಾರ್ ಮನಿಗೆ ಹೋಯ್ತು, ಎಲ್ಲಾ ಬರ್ಕಂತಾಳೆ. ಗಂಡ ಎಲ್ಲಿಗೆ ಹೋದ ಅಂತ ಕೇಳು, ಗೊತ್ತಿಲ್ಲ." ನಮ್ಮೂರ ಹತ್ತಿರದ ಉಳ್ಳಾರ್ತಿ ಕಾವಲಿನ ಕಡೆ ರಕ್ಷಣೆ, ಅಣುಶಕ್ತಿಯ ದೊಡ್ಡ ದೊಡ್ಡ ಸಂಸ್ಥೆಗಳು ಬಂದ ಮೇಲೆ ನಮ್ಮ ಬೀದಿಯಲ್ಲಿ ಇನ್ನೊಂದು ಗುಮಾನಿಯೂ ಹುಟ್ಟಿಕೊಂಡಿತು. ಮನೆಯಲ್ಲೇ ಕೂತು ವಿದೇಶಿ ಸರ್ಕಾರಗಳ ಕಾಗದ ಓದುವ ಹೆಂಗಸು ಗೂಢಚಾರಿಣಿ ಇರಬಹುದೇ? ಎದುರು ಮನೆಯವರು ಮೂರು ದಿನ ನನ್ನನ್ನು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಆಮೇಲೆ ಸಕ್ಕರೆ ಕಡ ಕೇಳಲು ಬಂದು, ಮೇಜಿನ ಮೇಲಿನ ಸಿಪ್ಪೆ ನೋಡಿ, ಗುಮಾನಿ ಬಿಟ್ಟರು.

ನನಗೆ ಈ ಕೆಲಸ ಸಿಕ್ಕಿದ್ದು ವಿಜ್ಞಾನ ಬಲ್ಲೆನೆಂದಲ್ಲ. ಚಿತ್ರದುರ್ಗದ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಒಬ್ಬರು ಜೋರಾಗಿ ಓದಿಸುವಾಗ ಒಂದು ಪದ ಹಾರಿಸಿದರೂ ಪುಟದ ಮೊದಲಿನಿಂದ ಮತ್ತೆ ಓದಿಸುತ್ತಿದ್ದರು. ಅಡಿಟಿಪ್ಪಣಿಯನ್ನೂ ಬಿಡದೆ ಓದುವ ಚಟ ಅಲ್ಲಿ ಹತ್ತಿದ್ದು. ಸಂಸ್ಥೆಯವರ ಪರೀಕ್ಷೆಯಲ್ಲಿ ಇದೇ ಮಾತ್ರೆಯ ಬಗ್ಗೆ ಹತ್ತು ಪುಟದ ಕಾಗದ ಕೊಟ್ಟು ಸಾರಾಂಶ ಕೇಳಿದರು. ಉಳಿದವರು ಔಷಧಿಯ ಗುಣಗಾನ ಬರೆದರಂತೆ. ನಾನು ಒಂಬತ್ತನೇ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಭೇದಿಯ ವಿಷಯ ಬರೆದೆ. ಆಯ್ಕೆಯಾದೆ.

ನನ್ನ ಮೇಲೆ ಇಬ್ಬರಿದ್ದರು. ಒಬ್ಬ ಸುದರ್ಶನ್, ನಮ್ಮ ತಂಡದ ಮುಖ್ಯಸ್ಥ, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವನು. ಒಳ್ಳೆಯವನು, ಆದರೆ ತಲೆಬರಹದಿಂದ ಕೆಳಗೆ ಅವನ ಕಣ್ಣು ಇಳಿದದ್ದನ್ನು ನಾನು ಕಾಣೆ. ಇನ್ನೊಬ್ಬರು ಡಾಕ್ಟರ್ ಮಾಲತಿ, ಔಷಧಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮೈಸೂರಿನ ಮನೆಯಿಂದಲೇ ನಮ್ಮ ಬರಹ ತಿದ್ದುತ್ತಿದ್ದರು. ಸುದರ್ಶನ್ ಬಳಿ ಬೈಸಿಕೊಂಡರೆ ಮಧ್ಯಾಹ್ನಕ್ಕೆ ಮರೆಯುತ್ತಿತ್ತು. ಮಾಲತಿಯವರು ಬೈಯುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಅದು ಮರೆಯುವಂಥದ್ದಲ್ಲ.

ಮೊದಲ ವರ್ಷ ನಮ್ಮ ಮಾತ್ರೆ ಕೂದಲುದುರುವುದನ್ನು ನಿಲ್ಲಿಸುತ್ತದೆಂದು ಒಂದು ಪ್ರಬಂಧ ಬಂತು. ನಾನು ಸಂಭ್ರಮದಿಂದ ಬರೆದೆ, ಸುದರ್ಶನ್ ಸಂಭ್ರಮದಿಂದ ಹಂಚಿದ. ಸಂಜೆ ಮಾಲತಿಯವರ ಫೋನು.

"ಶಾಂತಾ, ಕೂದಲು ಉಳಿದ ಆ ರೋಗಿಗಳಿಗೆ ಬಾಲ ಇತ್ತೇನಮ್ಮ?"

ತೆರೆದು ನೋಡಿದೆ. ಇಲಿಗಳು. ಪ್ರಬಂಧದ ಹೆಸರಿನಲ್ಲೇ 'ಇಲಿಗಳಲ್ಲಿ' ಎಂದಿತ್ತು. ಸಾಲು ಉದ್ದವಾಯಿತೆಂದು ನಾನೇ ಆ ಪದ ಕತ್ತರಿಸಿದ್ದೆ. ಹೊಸಬರಿಗೆ ಮೊದಲ ಮಾತು: ಸಾಲು ಎಷ್ಟು ಉದ್ದವಾದರೂ ಇಲಿಯನ್ನು ಬಿಡಬೇಡಿ.

ಹೊಸ ಉಪಯೋಗಗಳದ್ದೇ ಒಂದು ದೊಡ್ಡ ತಮಾಷೆ. ಒಂದು ಕಾಯಿಲೆಗೆ ಒಪ್ಪಿಗೆ ಸಿಕ್ಕಿದ ಕೂಡಲೇ ಕಂಪನಿಗೆ ಇಡೀ ಮನುಷ್ಯನೇ ಬಾವು ಬಂದವನ ಹಾಗೆ ಕಾಣುತ್ತಾನೆ. ಕೀಲಿಗೆ ಒಪ್ಪಿದರೆ ಚರ್ಮಕ್ಕೆ, ಚರ್ಮಕ್ಕೆ ಒಪ್ಪಿದರೆ ಬಾಯಿಹುಣ್ಣಿಗೆ, ಅಲ್ಲಿಂದ ಕರುಳಿಗೆ. ಒಮ್ಮೆ ಕುಡಿತ ಬಿಡಿಸುವುದಕ್ಕೂ ಕೊಟ್ಟು ನೋಡುತ್ತಿದ್ದಾರೆಂದು ಓದಿ ಹೇಳಿದಾಗ ಅತ್ತೆ ಶೇಂಗಾ ಕೈಬಿಟ್ಟು ನನ್ನ ಕಡೆ ತಿರುಗಿದರು.

"ಮಂಡಿಗೂ ಅದೆ, ಬಾಯಿಗೂ ಅದೆ, ಕುಡುಕ್ರಿಗೂ ಅದೆ ಅಂದ್ರೆ ಅದು ಔಷಧಿ ಅಲ್ಲ ಕಣೆ. ಸಂತೆನಾಗೆ ಹಾವು ತೋರ್ಸಿ ಮಾರ್ತಾರಲ್ಲ, ಅದು."

ಆ ತಿಂಗಳ ವರದಿಯಲ್ಲಿ ನಾನು ಬರೆದ ಮೂರು ಪುಟಗಳ ಸಾರ ಇಷ್ಟೇ ಆಗಿತ್ತು.

ಲಕ್ಷ್ಮಕ್ಕ ನನಗೆ ಪರಿಚಯವಾದದ್ದು ಆರನೇ ವರ್ಷ. ನಾದಿನಿಯ ಮಗಳ ಮದುವೆಗೆ ಸೀರೆ ನೋಡಲು ಮೊಳಕಾಲ್ಮೂರಿಗೆ ಹೋಗಿದ್ದೆ. ಅಂಗಡಿಯಲ್ಲಿ ಕೊಳ್ಳುವ ಬದಲು ನೇಯುವ ಮನೆಯನ್ನೇ ನೋಡೋಣವೆಂಬ ಚಪಲ. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ ಹೆಂಗಸು ಎರಡೂ ಅಂಗೈಗೆ ಹಳೆ ಪಂಚೆಯ ತುಂಡು ಸುತ್ತಿಕೊಂಡಿದ್ದಳು. ನೇಯುವವರು ಬಟ್ಟೆ ಸುತ್ತಿಕೊಳ್ಳುವುದಿಲ್ಲ, ಎಳೆಯ ಬಿಗಿ ಬೆರಳಿಗೆ ಗೊತ್ತಾಗಬೇಕಲ್ಲ. ಯಾಕೆಂದು ಕೇಳಿದೆ.

"ಕೈ ಒಡ್ದೈತಕ್ಕ. ಬರೀ ಕೈಯಾಗೆ ಮುಟ್ಟಿದ್ರೆ ಪಟ್ಟೆ ಎಳೆ ಕಿತ್ಕಂಡ್ ಬರ್ತೈತೆ." ಬಟ್ಟೆ ಬಿಚ್ಚಿ ತೋರಿಸಿದಳು. ಅಂಗೈ ತುಂಬ ಹುರುಪೆ, ಅದರ ನಡುವೆ ಸೀಳು. ಜಿಲ್ಲಾಸ್ಪತ್ರೆಯ ಚರ್ಮದ ಡಾಕ್ಟರು ಸೋರಿಯಾಸಿಸ್ ಎಂದು ಹೇಳಿ ಮುಲಾಮು, ಮಾತ್ರೆ ಕೊಟ್ಟಿದ್ದರು. ಅರ್ಧ ಇಳಿದಿತ್ತು. "ನಂಗೆ ಬೇರೆ ಕಸುಬು ಗೊತ್ತಿಲ್ಲಕ್ಕ. ಸಾವ್ಕಾರ್ರು ಹಾಸು, ಅದೇ ಮಗ್ಗಕ್ಕೆ ಕಟ್ಟೋ ಉದ್ದೆಳೆ, ಕೊಡ್ತಾರೆ, ನಾನು ನೇಯ್ತೀನಿ. ಒಂದ್ ಸೀರೆನಾಗೆ ರಕ್ತದ್ ಚುಕ್ಕೆ ಕಂಡ್ರೆ ಹಾಸು ವಾಪಸ್ ತಗಂಡ್ ಹೋಗ್ತೀನಿ ಅಂದವ್ರೆ. ಹಾಸು ಹೋದ್ರೆ ಮಗ್ಗ ಇದ್ದು ಏನ್ ಮಾಡ್ಲಿ, ಕೋಳಿ ಮುಚ್ಲಾ?"

ನಮ್ಮ ಮಾತ್ರೆ ಹೊರದೇಶಗಳಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದಿತ್ತು. ನಮ್ಮಲ್ಲಿ ಅರ್ಜಿ ಬಿದ್ದಿತ್ತು. ಬಾಯಿ ಮುಚ್ಚಿಕೊಂಡು ಸೀರೆ ನೋಡಿ ಬರಬೇಕಿತ್ತು ನಾನು. ಬರಲಿಲ್ಲ. "ಒಂದು ಮಾತ್ರೆ ಇದೆ, ಇಲ್ಲಿಗಿನ್ನೂ ಬಂದಿಲ್ಲ. ಬಂದರೆ ನಿನಗೆ ಆಗಿಬರುತ್ತೋ ಇಲ್ಲವೋ ಡಾಕ್ಟರೇ ಹೇಳಬೇಕು" ಎಂದೆ. ಆ ವಾಕ್ಯದಲ್ಲಿ ಅವಳು ಕೇಳಿಸಿಕೊಂಡದ್ದು 'ಮಾತ್ರೆ ಇದೆ' ಎಂಬಷ್ಟನ್ನೇ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಫೋನು. "ಏಮಕ್ಕ, ನಿಮ್ ಗುಳಿಗೆ ಗಡಿ ದಾಟ್ತಾ?" ತೆಲುಗೂ ಕನ್ನಡವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಹೊಸ ಔಷಧಿಗೆ ಒಪ್ಪಿಗೆ ಬರುವ ದಾರಿ ಸುತ್ತುಬಳಸಿನದು. ಮೊದಲು ತಜ್ಞರ ಸಮಿತಿ ಕೂತು ಚರ್ಚಿಸಿ 'ಅನುಮತಿ ನೀಡಬಹುದು' ಎಂದು ಶಿಫಾರಸು ಮಾಡುತ್ತದೆ. ಅನುಮತಿ ಕೊಡುವುದು ಸಮಿತಿಯಲ್ಲ, ಔಷಧ ನಿಯಂತ್ರಣ ಕಚೇರಿ. ಆ ನಡುವೆ ಎಷ್ಟು ದಿನವಾದರೂ ಹಿಡಿಯಬಹುದು, ಷರತ್ತುಗಳು ಸೇರಿಕೊಳ್ಳಬಹುದು. ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಇದನ್ನು ಕಲಿಸುತ್ತಾರೆ. ಐದು ವರ್ಷ ನಾನೇ ಹೊಸಬರಿಗೆ ಕಲಿಸಿದ್ದೆ.

ಲಕ್ಷ್ಮಕ್ಕ ಪರಿಚಯವಾದ ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಮ್ಮ ದೇಶದ ಸಮಿತಿಯ ನಡಾವಳಿ ತೆರೆದೆ. ನಮ್ಮ ಮಾತ್ರೆಯ ಹೆಸರು, ಕಾಯಿಲೆಯ ಹೆಸರು, ಪಕ್ಕದಲ್ಲಿ 'ಅನುಮತಿಗೆ ಶಿಫಾರಸು ಮಾಡಲಾಗಿದೆ'. ಸುದರ್ಶನ್ ಫೋನಿನಲ್ಲೇ ಇದ್ದ. "ಮ್ಯಾಡಂ, ಬಂತಾ?" ನಾನು 'ಅನುಮತಿ' ಎಂಬ ಪದವನ್ನು ನೋಡಿದೆ, ಲಕ್ಷ್ಮಕ್ಕನ ಅಂಗೈಗಳನ್ನು ನೆನೆದೆ. "ಬಂತು" ಎಂದೆ. ಮುಂದಿನ ಪುಟಕ್ಕೆ ಸಾಗಿದ್ದ ವಾಕ್ಯವನ್ನು ಓದಲೇ ಇಲ್ಲ. ಇಲ್ಲಿನ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಸಿ, ಅದರ ಫಲಿತಾಂಶ ಒಪ್ಪಿಸಿದ ಮೇಲೆ ಎಂದು ಅಲ್ಲಿತ್ತು. ಅಡಿಟಿಪ್ಪಣಿ ಬಿಡದವಳು ಪುಟವನ್ನೇ ಬಿಟ್ಟೆ. ಗಡಿಬಿಡಿಯಿಂದ ಆದದ್ದಲ್ಲ. ನನಗೆ ಏನು ಬೇಕಿತ್ತೋ ಅದನ್ನು ಓದಿಕೊಂಡೆ, ಅಷ್ಟೆ. ಹೊಸಬರೇ, ನಿಮಗೆ ಇಷ್ಟವಾದ ಸುದ್ದಿ ಬಂದ ದಿನ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಲಕ್ಷ್ಮಕ್ಕನಿಗೂ ಫೋನು ಮಾಡಿ ಹೇಳಿದೆ.

ನಾಲ್ಕನೆಯ ದಿನ ಮಾಲತಿಯವರು ಕರೆ ಮಾಡಿದರು. "ಆದೇಶದ ಸಂಖ್ಯೆ ಎಷ್ಟಮ್ಮ?" ಸಂಖ್ಯೆ ಇರಲಿಲ್ಲ, ಯಾಕೆಂದರೆ ಆದೇಶವೇ ಇರಲಿಲ್ಲ. ಚಂದಾದಾರರಿಗೆಲ್ಲ ತಿದ್ದುಪಡಿ ಹೋಯಿತು. ಸುದರ್ಶನ್ "ಪರವಾಗಿಲ್ಲ ಮ್ಯಾಡಂ, ಹೇಗೂ ಯಾರೂ ಓದಲ್ಲ" ಎಂದು ಸಮಾಧಾನ ಹೇಳಿದ. ಆರು ವರ್ಷ ನಾನು ಮಾಡಿದ ಕೆಲಸದ ಬಗ್ಗೆ ಅವನು ಆಡಿದ ಅತಿ ಪ್ರಾಮಾಣಿಕ ಮಾತು ಅದು.

ಆದರೆ ಓದದೆಯೂ ನನ್ನ ಮಾತು ಕೇಳಿ ನಂಬಿದವಳು ಒಬ್ಬಳಿದ್ದಳು. ಲಕ್ಷ್ಮಕ್ಕನಿಗೆ ಫೋನಿನಲ್ಲಿ ಹೇಳಲು ಧೈರ್ಯ ಬರದೆ ವಾರ ಮುಂದೂಡಿದೆ, ಇನ್ನೂ ಒಂದು ವಾರ ಮುಂದೂಡಿದೆ. ಕೊನೆಗೆ ಬಸ್ಸು ಹತ್ತಿ ಹೋದೆ. ಮಗ್ಗ ಖಾಲಿ. ಹೊಸ ಮಾತ್ರೆ ಬರುತ್ತದಲ್ಲ, ಹಳೆಯದು ಯಾಕೆ ಎಂದು ಅವಳು ಅದನ್ನೂ ಮುಲಾಮನ್ನೂ ನನ್ನ ಫೋನು ಬಂದ ದಿನವೇ ನಿಲ್ಲಿಸಿದ್ದಳು. ಕೈ ಸರಿಹೋಗುತ್ತದೆಂಬ ಧೈರ್ಯದ ಮೇಲೆ ಮದುವೆ ಸೀರೆಯ ಹಾಸು ಒಪ್ಪಿಕೊಂಡಿದ್ದಳು. ಸೀಳುಗಳು ದೊಡ್ಡದಾಗಿ, ಕೆನೆ ಬಣ್ಣದ ಸೆರಗಿನ ಮೇಲೆ ರಕ್ತ ಬಿದ್ದು, ಸಾಹುಕಾರರು ಹಾಸನ್ನು ಕತ್ತರಿಸಿ ಸುತ್ತಿಕೊಂಡು ಹೋಗಿದ್ದರು.

ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ಕೂತಲ್ಲಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಂಗಾದ್ರೆ ಬಂದಿಲ್ಲ."

"ಇಲ್ಲ ಲಕ್ಷ್ಮಕ್ಕ. ಬರಲಿ ಅಂತ ಸಮಿತಿಯವರು ಹೇಳಿದ್ದಾರೆ, ಅಷ್ಟೇ."

"ಬರ್ಲಿ ಅಂತ ನಾನೂ ಹೇಳ್ತಿದ್ನಲ್ಲಕ್ಕ. ಅಷ್ಟ್ ಹೇಳಾಕೆ ಅಷ್ಟ್ ಜನ ಡಾಕ್ಟ್ರು ಕೂಡ್ಬೇಕಿತ್ತಾ?"

"ತಪ್ಪು ಅವರದ್ದಲ್ಲ. ಪೂರ್ತಿ ಓದದೆ ಹೇಳಿದ್ದು ನಾನು."

"ನೀವ್ ಇಂಗ್ಲಿಷ್ ಓದ್ದೋರು. ನಂಗೇನ್ ಗೊತ್ತು, ಅರ್ಧ ಓದಿ ಹೇಳ್ತೀರಂತ." ಸಿಟ್ಟಿನಿಂದ ಕೂಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹಾಗೆ ಹೇಳಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಬಟ್ಟೆ ಸುತ್ತಿದ ಎರಡು ಕೈಯಲ್ಲಿ ಲೋಟ ಹಿಡಿದು ಕೊಟ್ಟಳು. ಕಾನ್ವೆಂಟಿನಲ್ಲಿ ತಪ್ಪೊಪ್ಪಿಗೆಯ ಬಗ್ಗೆ ಬಹಳ ಕೇಳಿದ್ದೆ. ಒಪ್ಪಿಕೊಂಡ ಮೇಲೆ ಕಾಫಿ ಕುಡಿಯುವುದು ಎಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ.

ಮರುದಿನವೇ ಅವಳನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರಿಗೆ ನಡೆದದ್ದನ್ನು ಹೇಳಿದೆ. "ಔಷಧಿ ಕೊಡೋದು, ನಿಲ್ಲಿಸೋದು ನಮ್ಮ ಕೆಲಸ. ನಿಮ್ಮದು ಓದೋದಲ್ಲವಾ? ಅದನ್ನ ನೆಟ್ಟಗೆ ಮಾಡಿ" ಎಂದರು. ಆಗಬಹುದೆಂದೆ. ಹಳೆಯ ಚಿಕಿತ್ಸೆ ಮತ್ತೆ ಶುರುವಾಯಿತು. ಸೀಳು ಮುಚ್ಚಿತು, ಹುರುಪೆ ಹೋಗಲಿಲ್ಲ. ಲಕ್ಷ್ಮಕ್ಕ ಬೇರೆಯವರ ಹೊಲಕ್ಕೆ ಶೇಂಗಾ ಬಿಡಿಸಲು ಹೋಗತೊಡಗಿದಳು, ಕೈಗೆ ಬಟ್ಟೆ ಸುತ್ತಿಕೊಂಡೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಫೋನು ನಿಂತಿತು. ಆಗ ನಾನೇ ಮಾಡುತ್ತಿದ್ದೆ.

"ಇನ್ನೂ ಬಂದಿಲ್ಲ ಅಂತ ಹೇಳೋಕೆ ಮಾಡಿದೆ."

"ಅದ್ಕೂ ಫೋನಾ? ಆಯ್ತು ಇಡ್ರಿ."

ಈ ನಡುವೆ ಕೆಲಸದ ರೀತಿಯೂ ಬದಲಾಯಿತು. ಮೊದಲೆಲ್ಲ ನಾನು ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಓದುತ್ತಿದ್ದೆ. ಆಮೇಲೆ ಹೊಸ ಕಾಗದ ಬಿದ್ದ ಕೂಡಲೇ ಫೋನು ಟಿಣ್ ಎನ್ನುವ ವ್ಯವಸ್ಥೆ ಬಂತು. ಕೊನೆಗೆ ಕಾಗದವನ್ನು ತಾನೇ ಓದಿ ಸಾರಾಂಶ ಕೊಡುವ ಯಂತ್ರ ಬಂತು. ಸುದರ್ಶನ್‌ಗೆ ತನ್ನ ಆತ್ಮಬಂಧು ಸಿಕ್ಕಿದಂತಾಯಿತು. ಅಧ್ಯಯನ ಮುಗಿದು ಸಮಿತಿ ಎರಡನೇ ಸಲ ಕೂತಾಗ ಅವನದೇ ಫೋನು.

"ಮ್ಯಾಡಂ, ಕಂಗ್ರಾಟ್ಸ್! ಇಂಡಿಯಾದಲ್ಲಿ ಅಪ್ರೂವ್ ಆಯ್ತು. ಮೆಷಿನ್ ಹೇಳ್ತಿದೆ."

ನಡಾವಳಿ ತೆರೆದೆ. ಎಲ್ಲ ಪುಟಗಳನ್ನೂ ಓದಿದೆ. ಶಿಫಾರಸು. ಮತ್ತೆ ಬರೀ ಶಿಫಾರಸು.

"ಇಲ್ಲ ಸುದರ್ಶನ್, ಇದನ್ನ ಕಳಿಸಬೇಡಿ."

"ಮೆಷಿನ್ ಅಷ್ಟು ಕಾನ್ಫಿಡೆಂಟಾಗಿ ಹೇಳ್ತಿದೆಯಲ್ಲ ಮ್ಯಾಡಂ."

"ನಾನೂ ಹಾಗೇ ಹೇಳಿದ್ದೆ. ಮೆಷಿನ್‌ಗೆ ಮೊಳಕಾಲ್ಮೂರಲ್ಲಿ ಪರಿಚಯದವರು ಯಾರೂ ಇಲ್ಲ, ನನಗಿದ್ದಾರೆ."

ನಿಜವಾದ ಆದೇಶ ಕೆಲವು ತಿಂಗಳ ಮೇಲೆ ಬಂತು. ಸಂಖ್ಯೆ ಇತ್ತು, ಸಹಿ ಇತ್ತು, ಕಾಯಿಲೆಯ ಹೆಸರು ಇತ್ತು. ಮೂರು ಸಲ ಓದಿದೆ. ಅತ್ತೆಗೆ ಜೋರಾಗಿ ಓದಿ ಹೇಳಿದೆ, ಅವರಿಗೆ ಒಂದು ಅಕ್ಷರ ಅರ್ಥವಾಗದಿದ್ದರೂ. ಮಾಲತಿಯವರಿಗೆ ಕಳಿಸಿ ಅವರು ಹೂಂ ಎನ್ನುವವರೆಗೆ ಕಾದೆ. ಮಾರುಕಟ್ಟೆಗೆ ಮಾತ್ರೆ ಬಂದಿದೆಯೆಂದು ದುರ್ಗದ ಔಷಧಿ ಅಂಗಡಿಯವರ ಬಾಯಿಂದ ಕೇಳಿಸಿಕೊಂಡೆ. ಇಷ್ಟೆಲ್ಲ ಮುಗಿಸಿ ಲಕ್ಷ್ಮಕ್ಕನಿಗೆ ಫೋನು ಮಾಡಿ, ಗಂಟಲು ಸರಿಮಾಡಿಕೊಂಡು ಹೇಳಿದೆ.

"ಗೊತ್ತೈತ್ ಬಿಡಕ್ಕ" ಎಂದಳು. "ಮೊನ್ನೇನೆ ರಕ್ತ ಪರೀಕ್ಷೆ ಮಾಡ್ಸಿ ಡಾಕ್ಟ್ರು ಬರ್ದ್ ಕೊಟ್ರು. ಎಲ್ಡ್ ದಿನದಿಂದ ನುಂಗ್ತಾ ಇದೀನಿ."

ಜಗತ್ತಿನ ಎಲ್ಲ ಕಚೇರಿಗಳ ಸುದ್ದಿ ಮೊದಲು ತಿಳಿಯುವವಳೆಂದು ಬೀಗುತ್ತಿದ್ದ ನನಗೆ ಈ ಸುದ್ದಿ ತಿಳಿದದ್ದು ಎಲ್ಲರಿಗಿಂತ ಕೊನೆಗೆ.

ಒಂದು ವಾರಕ್ಕೆ ಅವಳದೇ ಫೋನು ಬಂತು, ಬಹಳ ದಿನಗಳ ಮೇಲೆ. "ಅಕ್ಕ, ಕೈಗೆ ಔಷಧಿ ಕೊಡ್ರಪ್ಪ ಅಂದ್ರೆ ಇವ್ರು ಹೊಟ್ಟೆ ತೊಳೆಯಾಕೆ ಕೊಟ್ಟವ್ರೆ. ನಿಲ್ಸಿ ಬಿಡ್ಲಾ?" ನನಗೆ ಆ ಭೇದಿಯ ವಿಷಯ ಪುಟಸಂಖ್ಯೆ ಸಮೇತ ಗೊತ್ತಿತ್ತು, ನಾನು ಕೆಲಸಕ್ಕೆ ಸೇರಿದ್ದೇ ಅದರಿಂದ. ಆದರೂ ಉತ್ತರ ಹೇಳಲಿಲ್ಲ. "ಡಾಕ್ಟರನ್ನ ಕೇಳು. ನಾನು ಹೇಳಲ್ಲ" ಎಂದೆ. "ಅಬ್ಬಾ, ಈಗ ಬುದ್ಧಿ ಬಂತು ನಿಮ್ಗೆ" ಎಂದು ನಕ್ಕಳು. ಡಾಕ್ಟರು ತಾಳಿಕೊಳ್ಳಲು ಹೇಳಿದರು. ಮೂರನೇ ವಾರ ಹೊಟ್ಟೆ ಸುಮ್ಮನಾಯಿತು. ನಾಲ್ಕು ತಿಂಗಳಿಗೆ ಬಲ ಅಂಗೈ ಪೂರ್ತಿ, ಎಡ ಅಂಗೈಯಲ್ಲಿ ಅಂಚೊಂದು ಬಿಟ್ಟು ಉಳಿದದ್ದೆಲ್ಲ ನುಣುಪಾಯಿತು. ಎಲ್ಲರಿಗೂ ಹೀಗಾಗುತ್ತದೆಂದು ತಿಳಿಯಬೇಡಿ. ಆಗದವರ ಪಟ್ಟಿಯನ್ನೂ ನಾನೇ ಬರೆದಿದ್ದೇನೆ.

ಕೈ ಸರಿಹೋದರೂ ಹಾಸು ಬರಲಿಲ್ಲ. ರಕ್ತ ಬಿದ್ದ ಸೆರಗನ್ನು ಸಾಹುಕಾರರು ಮರೆತಿರಲಿಲ್ಲ. ನನ್ನ ನಿವೃತ್ತಿಯ ಹಿಂದಿನ ತಿಂಗಳು "ಜೊತೆಗೆ ಬರ್ತೀರಾ?" ಎಂದು ಲಕ್ಷ್ಮಕ್ಕ ಕೇಳಿದಳು. ಹೋದೆ. ಸಾಹುಕಾರರ ಪಡಸಾಲೆಯಲ್ಲಿ ಬಿಳಿ ಗಾದಿ, ಗಾಜಿನ ಬೀರುವಿನಲ್ಲಿ ಸೀರೆಗಳು. ಅವರು ಕನ್ನಡಕದ ಮೇಲಿಂದ ನೋಡಿ, ಒಳಗಿನಿಂದ ಹಸಿ ರೇಷ್ಮೆ ನೂಲಿನ ಒಂದು ಲಡಿ ತರಿಸಿ ಮುಂದೆ ಚಾಚಿದರು.

"ಎಳಿಯಮ್ಮ, ನೋಡಾಣ."

ಲಕ್ಷ್ಮಕ್ಕ ಲಡಿಯನ್ನು ಎರಡು ಅಂಗೈ ನಡುವೆ ಇಟ್ಟು ಉದ್ದಕ್ಕೂ ಎಳೆದಳು. ಮತ್ತೊಮ್ಮೆ ಎಳೆದಳು. ಸಾಹುಕಾರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಎಳೆಯಾದರೂ ಎದ್ದಿದೆಯೇ ಎಂದು ಬಹಳ ಹೊತ್ತು ಹುಡುಕಿದರು.

"ಪರ್ವಾಗಿಲ್ಲ. ಸೋಮವಾರ ಬಾ, ಕೊಡಬೌದು."

ಲಕ್ಷ್ಮಕ್ಕ ಎರಡೂ ಕೈ ಜೋಡಿಸಿ ಎದ್ದೇಬಿಟ್ಟಳು. ನಾನು ಏಳಲಿಲ್ಲ. ಹನ್ನೊಂದು ವರ್ಷದ ಕೆಲಸ ನನ್ನನ್ನು ಗಾದಿಗೆ ಅಂಟಿಸಿ ಕೂರಿಸಿತ್ತು.

"ಸಾಹುಕಾರರೇ, ಕೊಡಬಹುದು ಅಂದ್ರೋ, ಕೊಡ್ತೀನಿ ಅಂದ್ರೋ?"

"ಇವ್ರು ಯಾರಮ್ಮ?"

"ನಮ್ಮಕ್ಕ. ಗೌರ್ಮೆಂಟ್ ಕಾಗ್ದ ಓದ್ತಾರೆ" ಎಂದಳು ಲಕ್ಷ್ಮಕ್ಕ, ಎದ್ದವಳು ಮತ್ತೆ ಕೂತು.

ಸಾಹುಕಾರರು ಸ್ವಲ್ಪ ನೆಟ್ಟಗಾದರು. "ಕೊಡಬೌದು ಅಂದ್ರೆ... ನೋಡಿ ಕೊಡಾದು."

"ಕೈ ಸರಿ ಇದೆ ಅಂತ ಒಪ್ಪಿದಿರಾ?"

"ಕೈಯೇನೋ ಸರಿ ಐತೆ."

"ಮತ್ತೆ ಏನು ಷರತ್ತು? ಈಗಲೇ ಹೇಳಿಬಿಡಿ, ಆಮೇಲೆ ಸೇರಿಸೋದು ಬೇಡ."

"ಒಂದ್ ಸೀರೆ ನೋಡ್ತೀನಿ. ಎಳೆ ಎದ್ರೆ ಹಾಸು ವಾಪಸ್."

"ಒಂದು ಸೀರೆ. ಒಪ್ಪಿಗೆಯಾ ಲಕ್ಷ್ಮಕ್ಕ?" ಅವಳು ತಲೆಯಾಡಿಸಿದಳು. "ಹಾಗಾದರೆ ಸೋಮವಾರ ಯಾಕೆ? ಇವತ್ತೇ ಕೊಡಿ. ಹಾಸು ಇವಳ ಕೈಗೆ ಬಂದದ್ದನ್ನ ನೋಡಿಯೇ ನಾನು ಊರಿಗೆ ಹೋಗೋದು."

ನನ್ನ ಜೀವನದಲ್ಲಿ ಯಾರೆದುರೂ ಅಷ್ಟು ಹಟ ಮಾಡಿದವಳಲ್ಲ. ಧ್ವನಿ ಏರಿಸಲು ಬರುವುದಿಲ್ಲವಾದ್ದರಿಂದ ಮೆಲ್ಲಗೇ ಹೇಳಿದೆ, ಆದರೆ ಏಳಲಿಲ್ಲ. ಸಾಹುಕಾರರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, ಗೊಣಗುತ್ತ ಒಳಗೆ ಹೋದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಹಾಸಿನ ಉಂಡೆಯನ್ನು ತಂದು ಲಕ್ಷ್ಮಕ್ಕನ ಬರಿಗೈಗೆ ಇಟ್ಟರು.

ಮನೆಗೆ ಹೋದವಳು ನೀರು ಕೂಡ ಕುಡಿಯದೆ ಮಗ್ಗದ ಗುಂಡಿಗೆ ಇಳಿದಳು. ಕತ್ತರಿಸಿಕೊಂಡು ಹೋಗಿದ್ದ ಹಾಸಿನ ಗೇಣುದ್ದದ ತುದಿಗಳು ಮಗ್ಗದಲ್ಲಿ ಹಾಗೇ ನೇತಾಡುತ್ತಿದ್ದವು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಹೊಸೆದು ಕೂಡಿಸಬೇಕು, ಅಂಥವು ಸಾವಿರಾರು. ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತ ಹೋದಳು. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಒಂದು ಮೂಲೆಯಷ್ಟೇ ಮುಗಿದಿತ್ತು.

"ಬರ್ತೀನಿ ಲಕ್ಷ್ಮಕ್ಕ" ಎಂದೆ.

"ಹ್ಞೂಂ, ಹೋಗ್ಬರ್ರಿ" ಎಂದಳು. ತಲೆ ಎತ್ತಲಿಲ್ಲ.